ಸಿವಿಲ್ ಅಂದ್ರೆ ಯಾವ ಸಿವಿಲ್?

ಇಂಗ್ಲಿಷಿನ ಸಿವಿಲ್ ಪದವನ್ನು ನಾವು ಯಾರೂ ಡಿಕ್ಷನರಿ ನೋಡಿ ಕಲಿತಿದ್ದಲ್ಲ. ಅದು ತಾನಾಗೇ ಕನ್ನಡದೊಳಗೆ ಬಂದು ಕೂತಿದೆ. ಅವರ ಮಗಳು ಸಿವಿಲ್ ಇಂಜಿನಿಯರ್ ಅನ್ನುತ್ತೇವೆ. ಆಸ್ತಿ ತಕರಾರು ಸಿವಿಲ್ ಕೋರ್ಟಿನಲ್ಲಿದೆ ಅನ್ನುತ್ತೇವೆ. ಪೊಲೀಸರು ಸಿವಿಲ್ ಡ್ರೆಸ್ಸಿನಲ್ಲಿ ಬಂದಿದ್ದರಂತೆ ಅನ್ನುತ್ತೇವೆ. ಈ ಮೂರರಲ್ಲಿ ಒಂದಕ್ಕೂ ಒಳ್ಳೆ ನಡತೆಗೂ ಸಂಬಂಧ ಇಲ್ಲ. ಸದಾ ಸಿಡುಕುವ ಸಿವಿಲ್ ಇಂಜಿನಿಯರ್ ಇರಬಹುದು. ಅಣ್ಣತಮ್ಮಂದಿರು ಮುಖ ಕೂಡ ನೋಡದಷ್ಟು ಕಹಿಯಾದ ಸಿವಿಲ್ ಕೇಸ್ ಇರಬಹುದು. ಆದರೆ ಇಂಗ್ಲಿಷಿನಲ್ಲಿ ಯಾರಾದರೂ 'ಕೀಪ್ ಇಟ್ ಸಿವಿಲ್' ಅಂದರೆ, ಬೈಗುಳ ಬೇಡ, ದನಿ ಏರಿಸಬೇಡಿ ಅಂತ ಅರ್ಥ. ಅದೇ ಇಂಗ್ಲಿಷಿನಲ್ಲಿ ಸಿವಿಲ್ ವಾರ್ ಅಂದರೆ ಒಂದೇ ದೇಶದವರು ಒಬ್ಬರನ್ನೊಬ್ಬರು ಕೊಲ್ಲುವುದು.

ಇಷ್ಟು ದೂರ ದೂರದ ಕೆಲಸಗಳನ್ನು ಒಂದೇ ಪದ ಹೇಗೆ ಮಾಡುತ್ತದೆ? ಮೂಲ ಹುಡುಕಿದರೆ ಲ್ಯಾಟಿನ್ ಭಾಷೆಯ 'ಸಿವಿಸ್' ಸಿಗುತ್ತದೆ. ಅಂದರೆ ಪ್ರಜೆ, ಊರಿನ ಹಕ್ಕುದಾರ. ಸಿಟಿ, ಸಿಟಿಜನ್, ಸಿವಿಲೈಸೇಶನ್ ಎಲ್ಲ ಅದೇ ಬೇರಿನವು. ಸಿವಿಲ್ ಪದ ಫ್ರೆಂಚ್ ದಾರಿಯಲ್ಲಿ 14ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಇಷ್ಟು ಗೊತ್ತಾದರೆ ಅರ್ಥ ಪೂರ್ತಿ ಸಿಕ್ಕಿತು ಅಂದುಕೊಳ್ಳಬೇಡಿ. ನನಗೆ ಇದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇನ್ನೊಂದು ಉಪಾಯ. ಈ ಪದ ಎಲ್ಲಿ ಕಂಡರೂ 'ಸಿವಿಲ್ ಅಂದರೇನು' ಅಂತ ಕೇಳಬಾರದು. 'ಯಾವುದು ಅಲ್ಲ ಅಂತ ಹೇಳೋಕೆ ಇಲ್ಲಿ ಸಿವಿಲ್ ಅಂದಿದ್ದಾರೆ' ಅಂತ ಕೇಳಬೇಕು. ಯಾಕೆಂದರೆ ಇದು ಎದುರಾಳಿಯನ್ನು ನೋಡಿ ವೇಷ ಬದಲಿಸುವ ಪದ.

ಇಂಜಿನಿಯರಿಂಗನ್ನೇ ತೆಗೆದುಕೊಳ್ಳಿ. ಯುರೋಪಿನಲ್ಲಿ ಬಹಳ ಕಾಲ ಇಂಜಿನಿಯರ್ ಅಂದರೆ ಸೈನ್ಯದವನೇ. ಕೋಟೆ ಕಟ್ಟುವುದು, ಎದುರಾಳಿಯ ಕೋಟೆ ಒಡೆಯುವ ಯಂತ್ರ ಮಾಡುವುದು ಅವನ ಕೆಲಸ. 18ನೇ ಶತಮಾನದಲ್ಲಿ ಜಾನ್ ಸ್ಮೀಟನ್ ಎಂಬ ಇಂಗ್ಲಿಷಿನವನು ತನ್ನನ್ನು ಸಿವಿಲ್ ಇಂಜಿನಿಯರ್ ಅಂತ ಕರೆದುಕೊಂಡ. ಸಮುದ್ರದ ಮಧ್ಯೆ, ಎಡಿಸ್ಟೋನ್ ಬಂಡೆಯ ಮೇಲೆ, ಕಲ್ಲಿಗೆ ಕಲ್ಲು ಕಚ್ಚಿಕೊಳ್ಳುವಂತೆ ಕೆತ್ತಿ ದೀಪಸ್ತಂಭ ನಿಲ್ಲಿಸಿದವನು ಅವನು. ಅದು ಮುಗಿದದ್ದು 1759ರಲ್ಲಿ. ತಾನು ಕಟ್ಟುತ್ತಿರುವುದು ಯುದ್ಧಕ್ಕಲ್ಲ, ಜನರಿಗೆ ಅನ್ನುವುದಷ್ಟೇ ಅವನ ಸಿವಿಲ್‌ನ ಅರ್ಥ. 1771ರಲ್ಲಿ ಅವನೂ ಅವನ ಜೊತೆಗಾರರೂ ಲಂಡನ್ನಿನಲ್ಲಿ ಒಂದು ಸಂಘ ಕಟ್ಟಿಕೊಂಡರು. ಆಮೇಲೆ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಲ್ಲ ಬೇರೆ ಬೇರೆ ಹೆಸರು ಪಡೆದು ಮನೆ ಬಿಟ್ಟು ಹೋದವು. ಉಳಿದ ರಸ್ತೆ, ಸೇತುವೆ, ಅಣೆಕಟ್ಟು, ಕಟ್ಟಡ ಸಿವಿಲ್ ಪಾಲಿಗೆ ಬಂದವು. ಇವತ್ತು ಸಿವಿಲ್ ಅಂದರೆ ಸಿಮೆಂಟು, ಕಬ್ಬಿಣ ಅಂತಲೇ ಆಗಿದೆ. ಮನೆ ರಿಪೇರಿ ಮಾಡಿಸುವವರು 'ಸಿವಿಲ್ ವರ್ಕ್ ಮುಗೀತು, ಇನ್ನು ಪೇಂಟಿಂಗ್ ಬಾಕಿ' ಅನ್ನುವುದನ್ನು ಕೇಳಿದರೆ ಪ್ರಾಚೀನ ರೋಮಿನ ಮಾತುಗಾರ ಸಿಸೆರೊ ತಲೆ ಕೆರೆದುಕೊಳ್ಳುತ್ತಿದ್ದ.

ಸಿವಿಲ್ ಸರ್ವಿಸ್ ಕತೆಯೂ ಹೀಗೇ ಶುರುವಾಯಿತು. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಎರಡು ಥರದ ನೌಕರರಿದ್ದರು. ಕತ್ತಿ ಹಿಡಿದವರು, ಲೆಕ್ಕ ಹಿಡಿದವರು. ಎರಡನೆಯವರು ಸಿವಿಲ್ ಸರ್ವೆಂಟ್ಸ್. ಅವರನ್ನೇ ಸಿವಿಲಿಯನ್ ಅಂತಲೂ ಕರೆಯುತ್ತಿದ್ದರು. ಬ್ರಿಟನ್ನಿನ ಸರ್ಕಾರಿ ನೌಕರಿಯನ್ನು ಪರೀಕ್ಷೆಯ ಮೇಲೆ ನಿಲ್ಲಿಸಬೇಕು ಅಂತ 1854ರಲ್ಲಿ ವರದಿ ಕೊಟ್ಟ ಇಬ್ಬರಲ್ಲಿ ಒಬ್ಬನಾದ ಚಾರ್ಲ್ಸ್ ಟ್ರೆವೆಲಿಯನ್ ಕೂಡ ಮೊದಲು ಭಾರತದಲ್ಲಿ ಕಂಪನಿಯ ಕೆಲಸ ಮಾಡಿದ್ದವನೇ. ಮುಂದೆ ಇಂಡಿಯನ್ ಸಿವಿಲ್ ಸರ್ವಿಸ್ ಎಷ್ಟು ಬಿಗುಮಾನದ ಜಾಗವಾಯಿತು ಅಂದರೆ, ಅದರ ಬಗ್ಗೆ ಒಂದು ಕುಟುಕು ಚಾಲ್ತಿಗೆ ಬಂತು. ಅದು ಇಂಡಿಯನ್ನೂ ಅಲ್ಲ, ಸಿವಿಲ್ಲೂ ಅಲ್ಲ, ಸರ್ವಿಸ್ಸೂ ಅಲ್ಲ ಅಂತ. ಈ ಮಾತಿನ ಮಜಾ ಇರುವುದು ನಡುವಿನ ಪದದಲ್ಲಿ. ಹೆಸರಿನಲ್ಲಿರುವ ಸಿವಿಲ್ ಅಂದರೆ ಸೈನ್ಯಕ್ಕೆ ಸೇರದ್ದು. ಕುಟುಕಿನಲ್ಲಿರುವ ಸಿವಿಲ್ ಅಂದರೆ ಮರ್ಯಾದೆ ಗೊತ್ತಿರುವುದು. ಒಂದನ್ನು ಹಿಡಿದು ಇನ್ನೊಂದಕ್ಕೆ ಹೊಡೆದಿದ್ದಾರೆ.

ಅಂದ ಹಾಗೆ ಸಿವಿಲಿಯನ್ ಪದ ಅದಕ್ಕೂ ಮೊದಲು ಇನ್ನೇನೋ ಆಗಿತ್ತು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಸಿವಿಲಿಯನ್ ಅಂದರೆ ರೋಮನ್ ಕಾನೂನು ಓದಿದ ಪಂಡಿತ. ಆಮೇಲೆ ಕಂಪನಿ ನೌಕರ. ಆಮೇಲೆ ಸೈನಿಕನಲ್ಲದ ಯಾರು ಬೇಕಾದರೂ. ಈಗಂತೂ ಸಿನಿಮಾಗಳಲ್ಲಿ ಪೊಲೀಸರು ಕೂಡ ಜನರನ್ನು 'ಸಿವಿಲಿಯನ್ಸ್' ಅನ್ನುತ್ತಾರೆ. ತಾವೂ ಸೈನ್ಯಕ್ಕೆ ಸೇರಿದವರಲ್ಲ ಅನ್ನುವುದು ಅವರಿಗೆ ಮರೆತುಹೋದಂತಿದೆ.

ಕಾನೂನಿಗೆ ಬಂದರೆ ಎದುರಾಳಿ ಬದಲಾಗುತ್ತಾನೆ. ಸಿವಿಲ್ ಕೇಸ್ ಅಂದರೆ ಕ್ರಿಮಿನಲ್ ಅಲ್ಲದ್ದು. ಸಾಲ, ಪಾಲು, ಕರಾರು ಇತ್ಯಾದಿ. ಸಿವಿಲ್ ಮದುವೆ ಅಂದರೆ ಧರ್ಮದ ವಿಧಿ ಇಲ್ಲದ ಮದುವೆ. ಅಲ್ಲಿ ಎದುರಾಳಿ ಚರ್ಚು. ಫ್ರಾನ್ಸಿನಲ್ಲಿ ಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ಮದುವೆಯನ್ನು ಪಾದ್ರಿಯ ಕೈಯಿಂದ ತೆಗೆದು ಸರ್ಕಾರಿ ಅಧಿಕಾರಿಯ ಕೈಗೆ ಕೊಟ್ಟರು. ಇನ್ನೊಂದು ಗೊಂದಲ ಕೇಳಿ. ಫ್ರಾನ್ಸ್, ಜರ್ಮನಿಗಳದ್ದು 'ಸಿವಿಲ್ ಲಾ' ಪದ್ಧತಿ, ಇಂಗ್ಲೆಂಡಿನದು 'ಕಾಮನ್ ಲಾ' ಪದ್ಧತಿ ಅನ್ನುತ್ತಾರೆ. ಇಲ್ಲಿ ಸಿವಿಲ್ ಅಂದರೆ ರೋಮನ್ ಕಾನೂನಿನಿಂದ ಬಂದದ್ದು. ಚಕ್ರವರ್ತಿ ಜಸ್ಟಿನಿಯನ್ 6ನೇ ಶತಮಾನದಲ್ಲಿ ಮಾಡಿಸಿದ ಕಾನೂನಿನ ಸಂಗ್ರಹ ಅದರ ಬುಡ. ಹಾಗಾಗಿ ಫ್ರಾನ್ಸಿನ ಕೊಲೆ ಕೇಸ್ ಕೂಡ ಈ ಲೆಕ್ಕದಲ್ಲಿ ಸಿವಿಲ್ ಲಾ ದೇಶದ ಕೇಸೇ. ಕಾನೂನು ಓದುವ ಮಕ್ಕಳು ಮೊದಲ ವರ್ಷ ತಬ್ಬಿಬ್ಬಾಗುವುದು ಸಹಜ.

ಕಾನೂನಿನ ಸಿವಿಲ್‌ಗಳಲ್ಲಿ ನನಗೆ ತುಂಬ ವಿಚಿತ್ರ ಅನಿಸಿದ್ದು ಸಿವಿಲ್ ಡೆತ್. ಮಧ್ಯಯುಗದ ಇಂಗ್ಲೆಂಡಿನಲ್ಲಿ ಒಬ್ಬ ಸನ್ಯಾಸಿಯಾಗಿ ಮಠ ಸೇರಿದ ಅಂದರೆ ಕಾನೂನಿನ ಕಣ್ಣಿಗೆ ಅವನು ಸತ್ತ ಹಾಗೆ. ಅವನ ಆಸ್ತಿ ವಾರಸುದಾರರಿಗೆ ಹೋಗುತ್ತಿತ್ತು. ಅವನು ಮಠದಲ್ಲಿ ದಿನಾ ಎದ್ದು ಪ್ರಾರ್ಥನೆ ಮಾಡುತ್ತಿರುತ್ತಾನೆ, ಉಸಿರಾಡುತ್ತಿರುತ್ತಾನೆ. ಆದರೆ ಕೋರ್ಟಿನ ಲೆಕ್ಕದಲ್ಲಿ ಕತೆ ಮುಗಿದಿದೆ. ಇಲ್ಲಿ ಸಿವಿಲ್‌ನ ಎದುರಾಳಿ ದೇಹವೇ. ಮನುಷ್ಯನಿಗೆ ಎರಡು ಜೀವ ಇವೆ, ಒಂದು ಮೈಯದು, ಇನ್ನೊಂದು ಊರಿನ ಪುಸ್ತಕದಲ್ಲಿ ಬರೆದದ್ದು ಅನ್ನುವ ಕಲ್ಪನೆ ಇದು.

ಆಕಾಶಕ್ಕೂ ಸಿವಿಲ್ ಇದೆ. ಸೂರ್ಯ ಮುಳುಗಿ ದಿಗಂತದಿಂದ 6 ಡಿಗ್ರಿ ಕೆಳಗೆ ಹೋಗುವವರೆಗಿನ ಹೊತ್ತು ಸಿವಿಲ್ ಟ್ವೈಲೈಟ್. ದೀಪ ಇಲ್ಲದೆ ಹೊರಗಿನ ಕೆಲಸ ಮಾಡಬಹುದಾದಷ್ಟು ಬೆಳಕು ಆಗ ಇರುತ್ತದೆ. 12 ಡಿಗ್ರಿವರೆಗೆ ನಾವಿಕರ ಮುಸ್ಸಂಜೆ, 18 ಡಿಗ್ರಿವರೆಗೆ ಖಗೋಳ ವಿಜ್ಞಾನಿಗಳ ಮುಸ್ಸಂಜೆ. ಸಿವಿಲ್ ಅಂದರೆ ಇಲ್ಲಿ ಹಡಗೂ ಇಲ್ಲದ, ದೂರದರ್ಶಕವೂ ಇಲ್ಲದ ಸಾಮಾನ್ಯ ಜನ. ದಿನದ ಲೆಕ್ಕದಲ್ಲೂ ಹೀಗೇ. 1924ರ ಕೊನೆಯವರೆಗೆ ಖಗೋಳ ವಿಜ್ಞಾನಿಗಳ ದಿನ ಮಧ್ಯಾಹ್ನ 12ಕ್ಕೆ ಶುರುವಾಗುತ್ತಿತ್ತು. ರಾತ್ರಿ ನಕ್ಷತ್ರ ನೋಡುವವರಿಗೆ ನಡುರಾತ್ರಿ ತಾರೀಖು ಬದಲಾದರೆ ಕಿರಿಕಿರಿ ತಾನೇ? ನಡುರಾತ್ರಿಗೆ ಬದಲಾಗುವ ಉಳಿದವರ ದಿನಕ್ಕೆ ಸಿವಿಲ್ ಡೇ ಅನ್ನುತ್ತಿದ್ದರು.

ಇನ್ನು ಸಿವಿಲ್ ಸೊಸೈಟಿ. ಇದು ಎದುರಾಳಿಯನ್ನು ಬದಲಿಸುತ್ತಾ ಬದಲಿಸುತ್ತಾ ತಾನೇ ಉಲ್ಟಾ ಆದ ಪದ. 17ನೇ ಶತಮಾನದಲ್ಲಿ ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ ಬರೆದಾಗ ಸಿವಿಲ್ ಸೊಸೈಟಿಯೂ ರಾಜಕೀಯ ಸಮಾಜವೂ ಒಂದೇ. ಕಾನೂನು, ನ್ಯಾಯಾಧೀಶ, ಸರ್ಕಾರ ಇರುವ ಬದುಕು ಅದು. ಅದರ ಎದುರು ಇದ್ದದ್ದು ಇವು ಯಾವುವೂ ಇಲ್ಲದ ನಿಸರ್ಗ ಸ್ಥಿತಿ. 1821ರಲ್ಲಿ ಜರ್ಮನ್ ತತ್ವಜ್ಞಾನಿ ಹೆಗೆಲ್ ಅದನ್ನು ಸರ್ಕಾರದಿಂದ ಬೇರೆ ಮಾಡಿ ನೋಡಿದ. 20ನೇ ಶತಮಾನದ ಕೊನೆಗೆ ಬಂದಾಗ ಸಿವಿಲ್ ಸೊಸೈಟಿ ಅಂದರೆ ಸರ್ಕಾರದ ಹೊರಗೆ ನಿಂತು ಸರ್ಕಾರವನ್ನು ಪ್ರಶ್ನೆ ಮಾಡುವ ಸಂಘಗಳು, ಕಾರ್ಮಿಕರು, ಬರಹಗಾರರು. ಮೊದಲು ಸರ್ಕಾರವೇ ಆಗಿದ್ದ ಪದ ಕೊನೆಗೆ ಸರ್ಕಾರದ ಎದುರಿಗೆ ಹೋಗಿ ನಿಂತಿತು.

ಈಗ ಸಿವಿಲ್ ವಾರ್‌ಗೆ ಬರೋಣ. ಇದರಲ್ಲಿ ವಿರೋಧಾಭಾಸ ಇದೆ ಅಂತ ಇಂಗ್ಲಿಷಿನವರು ಬಹಳ ಹಿಂದಿನಿಂದ ಜೋಕ್ ಮಾಡುತ್ತಾ ಬಂದಿದ್ದಾರೆ. ಯುದ್ಧ ಹೇಗೆ ಸಭ್ಯವಾಗಿರುತ್ತದೆ ಅಂತ. ರೋಮನ್ನರಿಗೆ ಅದು ಜೋಕ್ ಆಗಿರಲಿಲ್ಲ. ಅವರು ಯುದ್ಧಗಳಿಗೆ ಎದುರಾಳಿಯ ಹೆಸರು ಇಡುತ್ತಿದ್ದರು. ಕಾರ್ತೇಜಿನವರ ಜೊತೆಗಿನದು ಪ್ಯೂನಿಕ್ ಯುದ್ಧ, ಗಾಲ್ ಜನರ ಜೊತೆಗಿನದು ಗ್ಯಾಲಿಕ್ ಯುದ್ಧ. ತಮ್ಮವರ ಮೇಲೇ ದಂಡು ಕಟ್ಟಿಕೊಂಡು ಹೋದಾಗ ಎದುರಾಳಿ ಯಾರು? ಸಿವಿಸ್, ಅಂದರೆ ನಮ್ಮ ಪ್ರಜೆ. ಹಾಗಾಗಿ ಅದು 'ಬೆಲ್ಲುಮ್ ಸಿವಿಲೆ', ಪ್ರಜೆಗಳ ಮೇಲಿನ ಯುದ್ಧ. ಹೊರಗಿನವರನ್ನು ಗೆದ್ದು ಬಂದ ಸೇನಾಪತಿಗೆ ರೋಮಿನಲ್ಲಿ ಅದ್ದೂರಿ ಮೆರವಣಿಗೆ ಇತ್ತು. ಸ್ವಂತ ಪ್ರಜೆಗಳನ್ನು ಸೋಲಿಸಿ ಮೆರವಣಿಗೆ ಹೊರಡುವುದು ನಾಚಿಕೆಗೇಡು ಅನಿಸಿಕೊಳ್ಳುತ್ತಿತ್ತು. ಅಂದರೆ ಆ ಹೆಸರಿನೊಳಗೇ ಒಂದು ಅವಮಾನ ಅಡಗಿದೆ. ಅಮೆರಿಕದಲ್ಲಿ 1861ರಿಂದ 1865ರವರೆಗೆ ನಡೆದ ಯುದ್ಧಕ್ಕೆ ಏನು ಹೆಸರಿಡಬೇಕು ಅಂತಲೇ ಜಗಳ ಇತ್ತು. ಉತ್ತರದವರ ಸರ್ಕಾರಿ ದಾಖಲೆಗಳಲ್ಲಿ ಅದು ದಂಗೆಯ ಯುದ್ಧ. ದಕ್ಷಿಣದ ಅನೇಕರಿಗೆ ಅದು ರಾಜ್ಯ ರಾಜ್ಯಗಳ ನಡುವಿನ ಯುದ್ಧ. ಸಿವಿಲ್ ವಾರ್ ಅಂತ ಒಪ್ಪಿಕೊಂಡರೆ ಎರಡೂ ಕಡೆಯವರು ಒಂದೇ ದೇಶದ ಪ್ರಜೆಗಳು ಅಂತ ಒಪ್ಪಿಕೊಂಡ ಹಾಗಾಗುತ್ತದೆ ಅಲ್ವಾ?

ಇಲ್ಲಿಯವರೆಗೆ ನಡತೆಯ ಸುದ್ದಿಯೇ ಬಂದಿಲ್ಲ. ಪ್ರಜೆ ಅನ್ನುವ ಪದ ಮರ್ಯಾದಸ್ಥ ಅನ್ನುವ ಪದ ಆದದ್ದು ಹೇಗೆ? ಇದರಲ್ಲಿ ಮೂಗಿನ ಪಾತ್ರ ದೊಡ್ಡದು. 1530ರಲ್ಲಿ ಎರಾಸ್ಮಸ್ ಎಂಬ ಡಚ್ ಪಂಡಿತ ಲ್ಯಾಟಿನ್ನಿನಲ್ಲಿ ಒಂದು ಸಣ್ಣ ಪುಸ್ತಕ ಬರೆದ. ಹುಡುಗರ ನಡತೆಯ ಸಿವಿಲಿಟಿ ಬಗ್ಗೆ. ಒಬ್ಬ ದೊಡ್ಡ ಮನೆತನದ ಹುಡುಗನಿಗೆ ಹೇಳುವ ಹಾಗೆ ಬರೆದದ್ದು. ಅದರಲ್ಲಿ ಮೂಗು ಒರೆಸುವ ವಿಷಯ ಎಷ್ಟು ವಿವರವಾಗಿದೆ ನೋಡಿ. ಟೋಪಿಯಲ್ಲೋ ಬಟ್ಟೆಯಲ್ಲೋ ಮೂಗು ಒರೆಸುವವನು ಹಳ್ಳಿಯವನು. ಮೊಣಕೈಯಲ್ಲಿ ಒರೆಸುವವನು ಉಪ್ಪುಮೀನು ಮಾರುವವನು. ಕೈಯಲ್ಲಿ ಒರೆಸಿ ಆ ಕೈಯನ್ನು ಬಟ್ಟೆಗೆ ಸವರಿಕೊಂಡರೆ ಅದೇನೂ ಮೇಲಲ್ಲ. ಕರ್ಚೀಫು ಬಳಸಬೇಕು. ದೊಡ್ಡವರು ಎದುರಿಗಿದ್ದರೆ ಸ್ವಲ್ಪ ಆ ಕಡೆ ತಿರುಗಿಕೊಳ್ಳಬೇಕು. ಬೆರಳಲ್ಲಿ ಸಿಂಬಳ ತೆಗೆದಾಗ ನೆಲದ ಮೇಲೆ ಏನಾದರೂ ಬಿದ್ದರೆ ತಕ್ಷಣ ಕಾಲಲ್ಲಿ ತಿಕ್ಕಿಬಿಡಬೇಕು. ಯುರೋಪಿನ ದೊಡ್ಡ ವಿದ್ವಾಂಸ ಕೂತು ಇದನ್ನೆಲ್ಲ ಬರೆದ ಅನ್ನುವುದೇ ನನಗೆ ಇಷ್ಟ.

ಪುಸ್ತಕ ಸಿಕ್ಕಾಪಟ್ಟೆ ಓಡಿತು. ಎರಡೇ ವರ್ಷದಲ್ಲಿ ಇಂಗ್ಲಿಷಿಗೆ ಬಂತು. ಇದರ ದಾರಿಯಲ್ಲೇ ಮಕ್ಕಳ ನಡತೆಯ ಪುಸ್ತಕಗಳು ಸಾಲಾಗಿ ಬಂದವು. ಇಂಥ ಪುಸ್ತಕಗಳಿಗೆ ಫ್ರಾನ್ಸಿನಲ್ಲಿ ಕೈಬರಹದಂತಿರುವ ಒಂದು ಅಚ್ಚಿನ ಅಕ್ಷರ ಬಳಸುತ್ತಿದ್ದರು. ರಾಬರ್ಟ್ ಗ್ರಾಂಜಾನ್ ಎಂಬವನು 1557ರಲ್ಲಿ ಕೊರೆದ ಅಕ್ಷರ. ಕೊನೆಗೆ ಆ ಅಕ್ಷರದ ಹೆಸರೇ 'ಸಿವಿಲಿಟೆ' ಅಂತಾಯಿತು. ಅಮೆರಿಕದಲ್ಲಿ ಹುಡುಗನಾಗಿದ್ದಾಗ ಜಾರ್ಜ್ ವಾಷಿಂಗ್ಟನ್ ಕೂಡ ಸಿವಿಲಿಟಿಯ 110 ನಿಯಮಗಳನ್ನು ಕೈಯಾರೆ ನಕಲು ಮಾಡಿದ್ದ. ನಾಲ್ಕು ಜನರ ಮಧ್ಯೆ ಏನು ಮಾಡಿದರೂ ಅಲ್ಲಿರುವವರಿಗೆ ಗೌರವ ಕಾಣುವಂತಿರಲಿ ಅನ್ನುವುದು ಅದರಲ್ಲಿ ಮೊದಲನೆಯದು. ಎರಾಸ್ಮಸ್ ತನ್ನ ಪುಸ್ತಕದ ಕೊನೆಗೆ ಇನ್ನೂ ಒಂದು ಮಾತು ಸೇರಿಸುತ್ತಾನೆ. ನೀನು ಎಲ್ಲೂ ತಪ್ಪಬೇಡ, ಆದರೆ ಬೇರೆಯವರು ತಪ್ಪಿದರೆ ಸುಲಭವಾಗಿ ಕ್ಷಮಿಸಿಬಿಡು, ಸಿವಿಲಿಟಿಯ ಮುಖ್ಯ ಭಾಗ ಇದೇ ಅಂತ. ಮೂಗಿನ ನಿಯಮ ಓದಿ ಬೇರೆಯವರ ಮೂಗನ್ನು ಅಳೆಯಲು ಹೊರಟವರು ಈ ಪುಟದವರೆಗೆ ಓದಿರಲಿಕ್ಕಿಲ್ಲ.

ಈ ಪಟ್ಟಿಯಲ್ಲಿ ಹಳ್ಳಿಯವನು, ಮೀನು ಮಾರುವವನು ಬಂದದ್ದು ಗಮನಿಸಿದಿರಾ? ಇಂಗ್ಲಿಷಿನ ಇಡೀ ಪದಗಳ ಸಂಸಾರವೇ ಹೀಗಿದೆ. ನಯವಂತನಿಗೆ 'ಅರ್ಬೇನ್'. ಅದು ನಗರ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂತು. 'ಕರ್ಟಿಯಸ್' ಅಂದರೆ ರಾಜನ ಆಸ್ಥಾನಕ್ಕೆ ಒಗ್ಗಿದವನು. ಇನ್ನೊಂದು ಕಡೆ 'ವಿಲನ್' ಮೂಲದಲ್ಲಿ ಹಳ್ಳಿಯ ಜಮೀನಿನಲ್ಲಿ ದುಡಿಯುವವನು. 'ಬೂರಿಶ್' ರೈತ ಎಂಬ ಡಚ್ ಪದದ ನೆಂಟ. 'ಸ್ಯಾವೇಜ್' ಕಾಡಿನವನು. ನಾವೂ ಕಡಿಮೆ ಇಲ್ಲ. ನಗರದಿಂದ ನಾಗರಿಕ ಮಾಡಿಕೊಂಡೆವು, ಗ್ರಾಮದಿಂದ ಗ್ರಾಮ್ಯ ಮಾಡಿ ಕಾವ್ಯದ ದೋಷಗಳ ಪಟ್ಟಿಗೆ ಸೇರಿಸಿದೆವು. ಗಮಾರ ಅನ್ನುವ ಬೈಗುಳದೊಳಗೂ ಇಣುಕುವುದು ಗ್ರಾಮವೇ. ಅಂದ ಮೇಲೆ ಹಳ್ಳಿಗಮಾರ ಅಂದರೆ ಹಳ್ಳಿಯ ಹಳ್ಳಿಯವನು. ಒಂದೇ ತಪ್ಪಿಗೆ ಎರಡು ಸಲ ಬೈಗುಳ! ಪದಕೋಶ ಬರೆದವರು ಯಾರು, ಎಲ್ಲಿ ಕೂತು ಬರೆದರು ಅಂತ ಯಾರೂ ಹೇಳಬೇಕಾಗಿಲ್ಲ.

ಆದರೂ ಸಿವಿಲ್‌ನಲ್ಲಿ ನಗರದವರ ಜಂಭ ಒಂದೇ ಇದೆ ಅಂತ ನನಗನಿಸುವುದಿಲ್ಲ. ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಏನಾದರೂ ಆಗಬೇಕು. ಮಾವ, ಅತ್ತಿಗೆ, ಗೆಳೆಯನ ಅಪ್ಪ. ಯಾರ ಜೊತೆ ಹೇಗೆ ಮಾತಾಡಬೇಕು ಅನ್ನುವುದನ್ನು ಆ ಸಂಬಂಧವೇ ಹೇಳಿಕೊಡುತ್ತದೆ. ದೊಡ್ಡ ನಗರದಲ್ಲಿ ಎದುರಿಗೆ ಬಂದವನು ನಮಗೆ ಏನೂ ಆಗಬೇಕಿಲ್ಲ. ಅವನು ಇಷ್ಟ ಆಗಬೇಕಿಲ್ಲ, ಅವನ ದೇವರು ಬೇರೆ, ಅವನ ಓಟು ಬೇರೆ. ಆದರೂ ಒಂದೇ ರಸ್ತೆಯಲ್ಲಿ ನಡೆಯಬೇಕು, ಒಂದೇ ಕ್ಯೂನಲ್ಲಿ ನಿಲ್ಲಬೇಕು. ಅವನಿಗೆ ಕೊಡಬೇಕಾದ ಕನಿಷ್ಠ ಮರ್ಯಾದೆಗೆ ಒಂದು ಹೆಸರು ಬೇಕಿತ್ತು. ಪ್ರಜೆ ಪ್ರಜೆಗೆ ಕೊಡುವ ಮರ್ಯಾದೆ ಅದು. ಸಿವಿಲ್ ಪದದ ಎರಡು ಅರ್ಥಗಳನ್ನು ಹೊಲಿಯುವ ದಾರ ಇದೇ ಅಂತ ನನ್ನ ಅನಿಸಿಕೆ.

ಸ್ಯಾಮ್ಯುಯೆಲ್ ಜಾನ್ಸನ್‌ಗೂ ಈ ಪದದ ಮೇಲೆ ಒಂದು ಹಟ ಇತ್ತು. 1772ರ ಮಾರ್ಚಿನಲ್ಲಿ ಅವನು ತನ್ನ ಇಂಗ್ಲಿಷ್ ಡಿಕ್ಷನರಿಯ ನಾಲ್ಕನೇ ಆವೃತ್ತಿ ತಯಾರು ಮಾಡುತ್ತಿದ್ದ. ಅವನನ್ನು ನೋಡಲು ಬಂದ ಗೆಳೆಯ ಬಾಸ್ವೆಲ್, 'ಸಿವಿಲೈಸೇಶನ್' ಅನ್ನುವ ಹೊಸ ಪದವನ್ನೂ ಸೇರಿಸಬಾರದೇ ಅಂತ ಕೇಳಿದ. ಆಗುವುದಿಲ್ಲ ಅಂದ ಜಾನ್ಸನ್. 'ಸಿವಿಲಿಟಿ' ಸಾಕು. ಕಾಡುತನಕ್ಕೆ ಎದುರಾಗಿ ನಿಲ್ಲಲು ಸಿವಿಲೈಸೇಶನ್ನೇ ಚೆನ್ನ, ಸಿವಿಲಿಟಿಗೆ ಬೇರೆ ಅರ್ಥವೂ ಇದೆಯಲ್ಲ ಅನ್ನುವುದು ಬಾಸ್ವೆಲ್‌ನ ವಾದ. ಮುಂದೆ ಗೆದ್ದದ್ದು ಬಾಸ್ವೆಲ್‌ನ ಪದ. ದೊಡ್ಡ ದೊಡ್ಡ ವಿಷಯಗಳನ್ನೆಲ್ಲ ಸಿವಿಲೈಸೇಶನ್ ಎತ್ತಿಕೊಂಡು ಹೋಯಿತು. ಸಿವಿಲಿಟಿಗೆ ಉಳಿದದ್ದು ಮಾತುಕತೆಯ ಮರ್ಯಾದೆ ಮಾತ್ರ. ನನ್ನ ಓಟು ಈಗಲೂ ಜಾನ್ಸನ್‌ಗೆ. ಸಿವಿಲೈಸೇಶನ್ ಹೆಸರಲ್ಲಿ ದೇಶಗಳನ್ನೇ ಹಿಡಿದರು. ಸಿವಿಲಿಟಿ ಹೆಸರಲ್ಲಿ ಅಷ್ಟು ದೂರ ಹೋಗುವುದು ಕಷ್ಟ ಇತ್ತು.

ಈಗಿನ ಇಂಗ್ಲಿಷಿನಲ್ಲಿ ಈ ಪದ ಬಳಸುವವರು ಅದರ ಬಿಸಿ ಎಷ್ಟು ಅಂತ ತಿಳಿದಿರಬೇಕು. ಸಿವಿಲ್ ಉಗುರು ಬೆಚ್ಚಗಿನ ಪದ ಕೂಡ ಅಲ್ಲ, ಸ್ವಲ್ಪ ತಣ್ಣಗೇ ಇದೆ. 'ಹಿ ವಾಸ್ ಕೈಂಡ್' ಅಂದರೆ ಒಳ್ಳೆಯವನು. 'ಹಿ ವಾಸ್ ಪೊಲೈಟ್' ಅಂದರೆ ಮರ್ಯಾದೆಯಿಂದ ನಡೆದುಕೊಂಡ. 'ಹಿ ವಾಸ್ ಸಿವಿಲ್' ಅಂದರೆ ಮರ್ಯಾದೆ ತಪ್ಪಲಿಲ್ಲ, ಅಷ್ಟೇ. ಅದರ ಹಿಂದೆ ಏನೋ ನಡೆದಿದೆ ಅನ್ನುವ ವಾಸನೆ ಇರುತ್ತದೆ. ಡೈವೋರ್ಸ್ ಆದ ಗಂಡಹೆಂಡತಿ ಮಗುವಿನ ಶಾಲೆಯಲ್ಲಿ ಸಿಕ್ಕಾಗ ಸಿವಿಲ್ ಆಗಿರುತ್ತಾರೆ. ಕೇಸ್ ಹಾಕಿಕೊಂಡ ಪಾಲುದಾರರು ಲಿಫ್ಟಿನಲ್ಲಿ ಸಿಕ್ಕರೆ ಸಿವಿಲ್ ಆಗಿರುತ್ತಾರೆ. ಹಾಗಾಗಿ ಯಾರಾದರೂ ಮನೆಗೆ ಕರೆದು ಚೆನ್ನಾಗಿ ನೋಡಿಕೊಂಡರೆ 'ನೀವು ತುಂಬ ಸಿವಿಲ್ ಆಗಿದ್ದಿರಿ' ಅಂತ ಇಮೇಲ್ ಬರೆಯಬೇಡಿ. ಬೈದ ಹಾಗಾಗುತ್ತದೆ. 18ನೇ ಶತಮಾನದಲ್ಲಿ ಬರೆದಿದ್ದರೆ ಅವರು ಖುಷಿಪಡುತ್ತಿದ್ದರು.

ವ್ಯಾಕರಣದಲ್ಲೂ ಇದಕ್ಕೆ ಒಂದು ಚಪಲ. ಗುಣವಾಚಕಕ್ಕೆ ಇಲ್ಲ ಅಂತ ಹಚ್ಚುವಾಗ 'ಅನ್‌ಸಿವಿಲ್', ನಾಮಪದಕ್ಕೆ ಹಚ್ಚುವಾಗ 'ಇನ್‌ಸಿವಿಲಿಟಿ'. ಯಾಕೆ ಅಂತ ಕೇಳಬೇಡಿ, ಇಂಗ್ಲಿಷು. ಇನ್ನೊಂದು, 'ಅನ್‌ಸಿವಿಲ್' ಬಳಕೆಯಾಗುವುದು ನಡತೆಯ ಅರ್ಥಕ್ಕೆ. ಸೈನ್ಯದ ಇಂಜಿನಿಯರನ್ನು ಯಾರೂ ಅನ್‌ಸಿವಿಲ್ ಇಂಜಿನಿಯರ್ ಅನ್ನುವುದಿಲ್ಲ. ಹಾಗೆಯೇ 'ಸಿವಿಲಿ', 'ಮೋರ್ ಸಿವಿಲ್', 'ವೆರಿ ಸಿವಿಲ್' ಎಲ್ಲ ನಡತೆಯ ಕಡೆಯವೇ. ವೆರಿ ಸಿವಿಲ್ ಕೋರ್ಟ್ ಅಂದರೆ ನಗು ಬರುತ್ತದೆ. ಯಾವ ಸಿವಿಲ್ ಅಂತ ಗೊತ್ತಾಗದಿದ್ದರೆ ಹಿಂದೆ ಒಂದು 'ವೆರಿ' ಹಚ್ಚಿ ನೋಡಿ, ಸಾಮಾನ್ಯವಾಗಿ ಬಿಡಿಸಿಕೊಳ್ಳುತ್ತದೆ.

ತಣ್ಣಗಿರುವುದು ಇದರ ಹಳೆ ಗುಣ. ಶೇಕ್ಸ್‌ಪಿಯರ್ ನಾಟಕವೊಂದರಲ್ಲಿ ಬಿಯಾಟ್ರಿಸ್ ಮೂತಿ ಊದಿಸಿಕೊಂಡ ಒಬ್ಬ ಯುವಕನನ್ನು ಕಿಚಾಯಿಸುತ್ತಾಳೆ. ಇವನು ದುಃಖದಲ್ಲೂ ಇಲ್ಲ, ಕಾಯಿಲೆಯೂ ಇಲ್ಲ, ಖುಷಿಯೂ ಇಲ್ಲ, ಸಿವಿಲ್ ಆಗಿದ್ದಾನೆ, ಕಿತ್ತಳೆಯಷ್ಟು ಸಿವಿಲ್ ಅಂತ. ಆಗ ಸ್ಪೇನಿನ ಸೆವಿಲ್ ಊರಿನ ಕಿತ್ತಳೆ ಹೆಸರುವಾಸಿ, ತಿಂದರೆ ಹುಳಿಹುಳಿ ಕಹಿಕಹಿ. ಸಿವಿಲ್, ಸೆವಿಲ್ ಎರಡೂ ಕಿವಿಗೆ ಒಂದೇ. ಜೇನ್ ಆಸ್ಟಿನ್‌ಳ ಕಾದಂಬರಿಯ ನಾಯಕಿ ಎಲಿಜಬೆತ್ ಬೆನೆಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾಳೆ. ಅಕ್ಕನ ಪ್ರೇಮಿ ಸುತ್ತಲಿನ ಯಾರನ್ನೂ ಗಮನಿಸದೆ ಅವಳೊಬ್ಬಳನ್ನೇ ನೋಡುತ್ತಾ ಕೂತಿದ್ದ ಅನ್ನುವ ಮಾತು ಬಂದಾಗ, ಎಲ್ಲರ ಜೊತೆ ಅನ್‌ಸಿವಿಲ್ ಆಗಿರುವುದೇ ಪ್ರೀತಿಯ ತಿರುಳಲ್ಲವೇ ಅನ್ನುತ್ತಾಳೆ. ನಿಜ ತಾನೇ? ಪ್ರೀತಿ ಒಬ್ಬರಿಗೆ, ಸಿವಿಲಿಟಿ ಉಳಿದ ಎಲ್ಲರಿಗೆ.

ಸಿವಿಲ್‌ನ ಎರಡು ಅರ್ಥಗಳು ನಿಜವಾಗಿ ಡಿಕ್ಕಿ ಹೊಡೆಯುವುದು 'ಸಿವಿಲ್ ಡಿಸ್ಒಬೀಡಿಯನ್ಸ್'ನಲ್ಲಿ. 1846ರಲ್ಲಿ ಅಮೆರಿಕದ ಬರಹಗಾರ ಹೆನ್ರಿ ಡೇವಿಡ್ ಥೋರೊ ತೆರಿಗೆ ಕಟ್ಟದೆ ಒಂದು ರಾತ್ರಿ ಜೈಲಿನಲ್ಲಿ ಕಳೆದ. ಗುಲಾಮಗಿರಿಯನ್ನು ಸಹಿಸುವ ಸರ್ಕಾರಕ್ಕೆ ನನ್ನ ದುಡ್ಡು ಕೊಡಲ್ಲ ಅನ್ನುವುದು ಅವನ ನಿಲುವು. ಆ ಬಗ್ಗೆ 1849ರಲ್ಲಿ ಪ್ರಬಂಧ ಅಚ್ಚಾದಾಗ ಅದರ ಹೆಸರು 'ಸಿವಿಲ್ ಸರ್ಕಾರಕ್ಕೆ ಪ್ರತಿರೋಧ' ಅನ್ನುವ ಅರ್ಥದ್ದು. ಅಲ್ಲಿ ಸಿವಿಲ್ ಆಗಿದ್ದದ್ದು ಸರ್ಕಾರ. ಥೋರೊ 1862ರಲ್ಲಿ ತೀರಿಕೊಂಡ. 1866ರಲ್ಲಿ ಮತ್ತೆ ಅಚ್ಚಾದಾಗ ಹೆಸರು 'ಸಿವಿಲ್ ಡಿಸ್ಒಬೀಡಿಯನ್ಸ್' ಆಯಿತು. ಈಗ ಸಿವಿಲ್ ಪದ ಸರ್ಕಾರವನ್ನು ಬಿಟ್ಟು ಪ್ರತಿರೋಧಕ್ಕೆ ಅಂಟಿಕೊಂಡಿತು. ಪ್ರಜೆಯಾಗಿ ಮಾಡುವ ಉಲ್ಲಂಘನೆಯೋ, ಮರ್ಯಾದೆಯಿಂದ ಮಾಡುವ ಉಲ್ಲಂಘನೆಯೋ ಅನ್ನುವ ಅನುಮಾನ ಅಂದಿನಿಂದ ಇದೆ.

ಗಾಂಧಿಗೆ ಅನುಮಾನ ಇರಲಿಲ್ಲ. ಅವರ ಚಳವಳಿಗೆ 'ಸವಿನಯ ಕಾನೂನು ಭಂಗ' ಅನ್ನುವ ಹೆಸರಿದೆಯಲ್ಲ, ಅದರಲ್ಲಿ ಸಿವಿಲ್ ಅಂದರೆ ವಿನಯ. ಉಲ್ಲಂಘನೆಯಲ್ಲಿ ದ್ವೇಷ ಇರಬಾರದು, ಎದುರಿನವರ ಬಗ್ಗೆ ಗೌರವ ಇರಬೇಕು ಅಂತ ಅವರು ಮತ್ತೆ ಮತ್ತೆ ಬರೆದರು. ಬರೆದದ್ದಷ್ಟೇ ಅಲ್ಲ. ಉಪ್ಪಿನ ಸತ್ಯಾಗ್ರಹಕ್ಕೆ ಮೊದಲು, 1930ರ ಮಾರ್ಚ್ 2ರಂದು, ವೈಸ್‌ರಾಯ್ ಇರ್ವಿನ್‌ಗೆ ಬರೆದ ಪತ್ರ ಶುರುವಾಗುವುದೇ 'ಪ್ರಿಯ ಮಿತ್ರರೇ' ಅಂತ. ಅದನ್ನು ತಲುಪಿಸಲು ಕಳಿಸಿದ್ದು ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ಯುವಕನನ್ನು. ಪತ್ರದೊಳಗೆ ಬ್ರಿಟಿಷ್ ಆಳ್ವಿಕೆ ಒಂದು ಶಾಪ ಅಂತ ನೇರವಾಗಿದೆ. ವೈಸ್‌ರಾಯ್ ಸಂಬಳ ತಿಂಗಳಿಗೆ 21,000 ರೂಪಾಯಿ, ಭಾರತೀಯನ ಸರಾಸರಿ ಆದಾಯ ದಿನಕ್ಕೆ 2 ಆಣೆಗಿಂತ ಕಡಿಮೆ ಅನ್ನುವ ಲೆಕ್ಕವಿದೆ. ಇಷ್ಟು ಹೇಳಿದ ಮೇಲೆ, ನಿಮ್ಮ ಮನಸ್ಸು ನೋಯಿಸುವ ಇಚ್ಛೆ ನನಗಿಲ್ಲ, ಈ ಸಂಬಳ ನಿಮಗೆ ಬೇಕಾಗಿಯೂ ಇಲ್ಲ, ಬಹುಶಃ ಅದೆಲ್ಲ ದಾನಕ್ಕೇ ಹೋಗುತ್ತಿರಬಹುದು ಅಂತ ಬರೆಯುತ್ತಾರೆ. ಆದರೆ ಇಂಥ ಏರ್ಪಾಡು ಮಾಡಿದ ವ್ಯವಸ್ಥೆಯನ್ನು ಕಿತ್ತೆಸೆಯಬೇಕು ಅಂತ ಮುಂದಿನ ಸಾಲು. ವೈಸ್‌ರಾಯ್ ಕಡೆಯಿಂದ ಕಾರ್ಯದರ್ಶಿಯ ಕೈಯಲ್ಲಿ ಚಿಕ್ಕ ಉತ್ತರ ಬಂತು. ಕಾನೂನು ಮುರಿಯುವ, ಸಾರ್ವಜನಿಕ ಶಾಂತಿಗೆ ಅಪಾಯ ತರುವ ದಾರಿ ಹಿಡಿಯುತ್ತಿರುವುದಕ್ಕೆ ವಿಷಾದ, ಅಂತ. ಎರಡೂ ಪತ್ರ ಸಿವಿಲ್ಲೇ. ಒಂದರಲ್ಲಿ ಮಾತಿದೆ, ಇನ್ನೊಂದರಲ್ಲಿ ಮಾತು ಮುಗಿಸುವ ಅವಸರ ಇದೆ.

'ಸಿವಿಲ್ ಆಗಿರಿ' ಅನ್ನುವ ಬುದ್ಧಿಮಾತಿನ ಬಗ್ಗೆ ನನ್ನ ತಕರಾರು ಇಲ್ಲೇ ಶುರುವಾಗುತ್ತದೆ. ಅದನ್ನು ಹೇಳುವವರು ಹೆಚ್ಚಾಗಿ ಆರಾಮಾಗಿ ಕೂತವರು. ಕಾಲು ತುಳಿಸಿಕೊಂಡವನು ಕಿರುಚಿದ್ದು ಎಲ್ಲರಿಗೂ ಕೇಳಿಸುತ್ತದೆ, ತುಳಿದದ್ದು ಸದ್ದಿಲ್ಲದೆ ನಡೆದಿರುತ್ತದೆ. ಆಮೇಲೆ ಚರ್ಚೆಯೆಲ್ಲ ಕಿರುಚಿದ್ದು ಸರಿಯೇ ಅಂತ. ಹಾಗಂತ ಕಿರುಚಾಟದಿಂದಲೇ ಎಲ್ಲ ಆಗುತ್ತದೆ ಅಂತಲೂ ನಾನು ಹೇಳಲಾರೆ. ಈ ಎರಡರ ನಡುವೆ ಸಿಕ್ಕಿಕೊಂಡಾಗೆಲ್ಲ ನನಗೆ ನೆನಪಾಗುವುದು ಅಮೆರಿಕದ ನ್ಯಾಶ್‌ವಿಲ್ ಊರಿನ ವಿದ್ಯಾರ್ಥಿಗಳು.

1960ರಲ್ಲಿ ಅಲ್ಲಿನ ಅಂಗಡಿಗಳ ಊಟದ ಕೌಂಟರಿನಲ್ಲಿ ಕಪ್ಪು ಜನರಿಗೆ ಕೂತು ತಿನ್ನಲು ಅವಕಾಶ ಇರಲಿಲ್ಲ. ಸಾಮಾನು ಕೊಳ್ಳಬಹುದು, ಕೂರುವ ಹಾಗಿಲ್ಲ. ನಾಗಪುರದಲ್ಲಿ ಕೆಲ ವರ್ಷ ಇದ್ದು ಗಾಂಧಿಯ ದಾರಿ ತಿಳಿದುಕೊಂಡು ಹೋಗಿದ್ದ ಜೇಮ್ಸ್ ಲಾಸನ್ ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟರು. ಕೆಲವರು ದಾಳಿಕೋರರ ಪಾತ್ರ ಮಾಡಿ ಬೈಯಬೇಕು, ಕೂದಲು ಜಗ್ಗಬೇಕು, ಸಿಗರೇಟಿನ ಹೊಗೆ ಮುಖಕ್ಕೆ ಬಿಡಬೇಕು. ಉಳಿದವರು ಅಲುಗದೆ ಕೂರಬೇಕು. ಕೌಂಟರಿಗೆ ಹೋಗುವವರ ಕೈಗೆ ನಿಯಮಗಳ ಒಂದು ಪಟ್ಟಿ ಕೊಟ್ಟರು. ಹೊಡೆದರೆ ತಿರುಗಿ ಹೊಡೆಯಬೇಡಿ, ಬೈದರೆ ತಿರುಗಿ ಬೈಯಬೇಡಿ. ಜೋರಾಗಿ ನಗಬೇಡಿ. ನೆಟ್ಟಗೆ ಕೂರಿ, ಮುಖ ಸದಾ ಕೌಂಟರಿನ ಕಡೆಗಿರಲಿ. ಸ್ನೇಹದಿಂದ, ಮರ್ಯಾದೆಯಿಂದ ಇರಿ. ಎರಾಸ್ಮಸ್ ಹುಡುಗರಿಗೆ ಬರೆದುಕೊಟ್ಟ ಪಟ್ಟಿಯ ಪಕ್ಕದಲ್ಲಿ ಇದನ್ನಿಟ್ಟು ಓದಿದರೆ ಬೆರಗಾಗುತ್ತದೆ. ಅದೇ ಕೂರುವ ರೀತಿ, ಅದೇ ನಗುವಿನ ಹತೋಟಿ. ಬೇಕಾಗಿದ್ದದ್ದು ಮಾತ್ರ ಸಿವಿಲ್ ರೈಟ್ಸ್, ಅಂದರೆ ಪ್ರಜೆಯ ಹಕ್ಕುಗಳು.

ಫೆಬ್ರವರಿ 27ರಂದು ಬಿಳಿಯ ಯುವಕರ ಗುಂಪು ಅವರ ಮೇಲೆ ಬಿತ್ತು. ಸ್ಟೂಲಿನಿಂದ ಎಳೆದು ಹೊಡೆದರು. ಪೊಲೀಸರು ಬಂದು ಸುಮಾರು 80 ಜನರನ್ನು ಹಿಡಿದುಕೊಂಡು ಹೋದರು. ಹಿಡಿದದ್ದು ಕೂತಿದ್ದವರನ್ನು. ಆರೋಪ, ಅಶಿಸ್ತಿನ ವರ್ತನೆ.

ಏಪ್ರಿಲ್ 19ರ ಬೆಳಗಿನ ಜಾವ ಅವರ ಪರ ವಾದಿಸುತ್ತಿದ್ದ ವಕೀಲ ಅಲೆಕ್ಸಾಂಡರ್ ಲೂಬಿಯ ಮನೆಗೆ ಬಾಂಬ್ ಬಿತ್ತು. ಅದೇ ದಿನ ಸಾವಿರಾರು ಜನ ಒಂದು ಮಾತಾಡದೆ ಸಿಟಿ ಹಾಲ್‌ವರೆಗೆ ನಡೆದು ಹೋದರು. ಮೇಯರ್ ಬೆನ್ ವೆಸ್ಟ್ ಮೆಟ್ಟಿಲಿಗೆ ಬಂದು ನಿಂತರು. ಡಯಾನ್ ನ್ಯಾಶ್ ಎಂಬ ವಿದ್ಯಾರ್ಥಿನಿ ಅವರನ್ನು ಕೇಳಿದಳು, ಬರೀ ಬಣ್ಣ ನೋಡಿ ಒಬ್ಬರಿಗೆ ಭೇದ ಮಾಡುವುದು ತಪ್ಪು ಅಂತ ನಿಮಗೆ ಅನಿಸುತ್ತದೆಯೇ ಅಂತ. ಮೇಯರ್ ಹೌದು ಅಂದರು. ಸಾಮಾನು ಮಾರಿ ಊಟ ಕೊಡಲ್ಲ ಅನ್ನುವುದನ್ನು ಒಬ್ಬ ಮನುಷ್ಯನಾಗಿ ತಾನು ಸರಿ ಅನ್ನಲಾರೆ ಅಂತ ಒಪ್ಪಿಕೊಂಡರು. ಮೇ 10ರಂದು ಆ ಊರಿನ ಆರು ಅಂಗಡಿಗಳ ಊಟದ ಕೌಂಟರುಗಳಲ್ಲಿ ಕಪ್ಪು ಗಿರಾಕಿಗಳು ಕೂತು ತಿಂದರು.